ಊರ ಗುಡ್ಡದಲ್ಲಿ ತೋಳ ಮರಿ ಹಾಕಿದೆ: ಕುರಿಯನ್ನೂ ಉಳಿಸಿ ತೋಳವನ್ನೂ ಉಳಿಸುವುದು ಹೇಗೆ?

ಗೋಮಾಳ, ಕುಷ್ಟಗಿ

ನಮಸ್ಕಾರ. ಊರ ಪೂರ್ವಕ್ಕಿರುವ ಕಲ್ಲುಗುಡ್ಡದ ಬುಡದಲ್ಲಿ, ಹಳ್ಳದ ದಂಡೆಯ ಮಣ್ಣು ಕೊರೆದು ತೋಳ ಮರಿ ಹಾಕಿದೆ ಎಂದು ಕುರಿ ಮೇಯಿಸುವವರು ಹೇಳುತ್ತಿದ್ದಾರೆ. ನಸುಕಿನಲ್ಲಿ ಎರಡು ದೊಡ್ಡವು ಓಡಾಡಿದ್ದು ಕಂಡಿದೆ, ಬಿಲದೊಳಗೆ ಮರಿಗಳು ಕುಂಯ್‌ಗುಟ್ಟುವ ಸದ್ದೂ ಕೇಳಿದೆಯಂತೆ. ಅದೇ ಗೋಮಾಳದಲ್ಲಿ ಮೂರು ಹಿಂಡು ಮೇಯುತ್ತವೆ, ಎಲ್ಲ ಸೇರಿ ನಾನೂರರ ಹತ್ತಿರ ಕುರಿ. ಹೋದ ವಾರ ಎರಡು ಕುರಿಮರಿ ಹೋದವು. ಬಿಲಕ್ಕೆ ಹುಲ್ಲು ತುರುಕಿ ಹೊಗೆ ಹಾಕೋಣ ಎಂಬ ಮಾತು ಜೋರಾಗಿದೆ. ಬರೀ ಬೇಡ ಎಂದರೆ ಯಾರೂ ಕೇಳುವುದಿಲ್ಲ, ಕುರಿ ಕಾಯುವ ದಾರಿಯನ್ನೂ ತೋರಿಸಬೇಕು. ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಹೆಜ್ಜೆಗುರುತು, ಗದಗ

ಮೊದಲು ಅದು ತೋಳವೇ ಎಂದು ಖಾತ್ರಿಯಾಗಲಿ. ಅದಕ್ಕೆ ಬಿಲದ ಹತ್ತಿರ ಹೋಗಬೇಕಿಲ್ಲ, ಹೋಗಲೂಬೇಡಿ. ಹಳ್ಳದ ಮರಳು, ಬಂಡಿದಾರಿಯ ಧೂಳು, ಕೆರೆಯಂಚಿನ ಕೆಸರು, ಈ ಮೂರನ್ನು ಬಿಸಿಲೇರುವ ಮೊದಲು ನೋಡಿ. ಓರೆ ಬೆಳಕಿನಲ್ಲಿ ಹೆಜ್ಜೆ ಎದ್ದು ಕಾಣುತ್ತದೆ.

ತೋಳದ ಹೆಜ್ಜೆ ಉಗುರು ಸೇರಿ ಸುಮಾರು 8ರಿಂದ 10 ಸೆಂ.ಮೀ. ಉದ್ದ. ಅಗಲ ಕಡಿಮೆ. ನಡುವಿನ ಎರಡು ಬೆರಳು ಮುಂದಕ್ಕೆ ಚಾಚಿ ಒಂದಕ್ಕೊಂದು ಹತ್ತಿರ ಇರುತ್ತವೆ. ನಾಯಿಯದು ಹೆಚ್ಚು ಗುಂಡಗೆ, ಬೆರಳುಗಳು ಹರಡಿರುತ್ತವೆ. ಆದರೆ ಒಂದೇ ಹೆಜ್ಜೆ ನೋಡಿ ತೀರ್ಮಾನಕ್ಕೆ ಬರಬೇಡಿ, ದೊಡ್ಡ ನಾಯಿಯ ಹೆಜ್ಜೆ ಎಂಥವರನ್ನೂ ಮೋಸ ಮಾಡುತ್ತದೆ. ಸಾಲು ಹಿಡಿದು ಐವತ್ತು ಅಡಿ ನಡೆಯಿರಿ. ತೋಳ ಹಿಂಗಾಲನ್ನು ಮುಂಗಾಲಿನ ಹೆಜ್ಜೆಯ ಮೇಲೇ ಇಡುತ್ತ ದಾರ ಹಿಡಿದ ಹಾಗೆ ನೇರ ಹೋಗಿರುತ್ತದೆ. ನಾಯಿ ಅಲ್ಲಲ್ಲಿ ಮೂಸುತ್ತ ಅಂಕುಡೊಂಕಾಗಿ ಅಲೆದಿರುತ್ತದೆ. ಕತ್ತೆಕಿರುಬದ್ದಾದರೆ ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ಸ್ಪಷ್ಟವಾಗಿ ದೊಡ್ಡದು. ನರಿಯದು ಇವೆಲ್ಲಕ್ಕಿಂತ ಚಿಕ್ಕದು, 5 ಸೆಂ.ಮೀ. ಆಸುಪಾಸು. ಚಿರತೆಯದಾದರೆ ಉಗುರಿನ ಗುರುತೇ ಇರುವುದಿಲ್ಲ.

ಹಿಕ್ಕೆಯೂ ಸಾಕ್ಷಿ. ತೋಳದ ಹಿಕ್ಕೆಯಲ್ಲಿ ಕೂದಲು, ಉಣ್ಣೆ, ಮೂಳೆ ಚೂರು ತುಂಬಿರುತ್ತವೆ. ಕತ್ತೆಕಿರುಬದ್ದು ಒಣಗಿದ ಮೇಲೆ ಸುಣ್ಣದಂತೆ ಬೆಳ್ಳಗೆ, ಅದು ಮೂಳೆ ತಿಂದದ್ದರ ಗುರುತು. ನರಿಯದ್ದರಲ್ಲಿ ಬಾರಿಹಣ್ಣಿನ ಬೀಜ ಸಾಮಾನ್ಯ.

ಇನ್ನೊಂದು ಮಾತು. ಸತ್ತ ಕುರಿಯ ಗಾಯ ನೋಡಿದಿರಾ? ಗಂಟಲಲ್ಲಿ ಆಳವಾದ ಹಲ್ಲಿನ ತೂತಿದ್ದು ಮೈ ಬಹುಪಾಲು ಸ್ವಚ್ಛವಾಗಿದ್ದರೆ ಚಿರತೆ ಅಥವಾ ತೋಳ. ಕಾಲು, ಬಾಲ, ಕಿವಿ, ಹೊಟ್ಟೆ ಎಲ್ಲೆಂದರಲ್ಲಿ ಕಚ್ಚಿ, ಅರ್ಧ ಡಜನ್ ಕುರಿ ಗಾಯಗೊಂಡು, ಮಾಂಸ ತಿಂದಿಲ್ಲವಾದರೆ ಬಹುಮಟ್ಟಿಗೆ ಬೀದಿನಾಯಿ. ಬಯಲುಸೀಮೆಯಲ್ಲಿ ನಾಯಿ ಮಾಡಿದ್ದು ತೋಳದ ತಲೆಗೆ ಬರುವುದು ಬಹಳ. ತೋಳ ಚಿಕ್ಕ ಕುರಿಮರಿಯನ್ನು ಸ್ಥಳದಲ್ಲಿ ತಿನ್ನದೆ ಎತ್ತಿಕೊಂಡೇ ಹೋಗುತ್ತದೆ, ಅಲ್ಲಿ ರಕ್ತದ ಹನಿಯೂ ಸಿಗದಿರಬಹುದು.

ಗೋಮಾಳ, ಕುಷ್ಟಗಿ

ಹೆಜ್ಜೆ ನೇರ ಸಾಲಾಗಿಯೇ ಇದೆ, ಉದ್ದ 9 ಸೆಂ.ಮೀ. ಕುರಿಮರಿ ಹೋದ ಜಾಗದಲ್ಲಿ ರಕ್ತ ಇಲ್ಲ. ಹಿಕ್ಕೆಯಲ್ಲಿ ಕಪ್ಪು ಉಣ್ಣೆ ಇದೆ.

ಹೆಜ್ಜೆಗುರುತು, ಗದಗ

ಹಾಗಾದರೆ ತೋಳವೇ. ಈಗ ಬಿಲದ ಲೆಕ್ಕ.

ದಖ್ಖನ್ ಬಯಲಿನ ತೋಳಗಳು ಹೆಚ್ಚಾಗಿ ನವೆಂಬರ್‌ನಿಂದ ಫೆಬ್ರವರಿಯೊಳಗೆ ಮರಿ ಹಾಕುತ್ತವೆ. ಗರ್ಭ 60 ದಿನಕ್ಕೆ ಸ್ವಲ್ಪ ಮೇಲೆ, ಒಂದು ಸೂಲಿಗೆ ಸಾಮಾನ್ಯವಾಗಿ ಮೂರರಿಂದ ಐದು ಮರಿ. ಹುಟ್ಟುವಾಗ ಕುರುಡು, ಎರಡು ವಾರದ ಹೊತ್ತಿಗೆ ಕಣ್ಣು ಬಿಡುತ್ತವೆ, ಮೂರು ನಾಲ್ಕು ವಾರಕ್ಕೆ ಬಿಲದ ಬಾಯಿಗೆ ಬಂದು ಆಡುತ್ತವೆ. ಎಂಟು ಹತ್ತು ವಾರ ಕಳೆದರೆ ಬಿಲ ಬಿಟ್ಟು ಹತ್ತಿರದ ಪೊದೆ, ಬಂಡೆ ಸಂದಿಗಳಲ್ಲಿ ಇರತೊಡಗುತ್ತವೆ. ಅಂದರೆ ನಿಮ್ಮ ಊರು ಬಿಲದ ಆಸುಪಾಸನ್ನು ಬಿಟ್ಟುಕೊಡಬೇಕಾದದ್ದು ಎರಡೂವರೆ ಮೂರು ತಿಂಗಳು ಮಾತ್ರ. ಈ ಅವಧಿ ಹೇಳಿದರೆ ಜನ ಒಪ್ಪುತ್ತಾರೆ. ಯಾವಾಗ ಮುಗಿಯುತ್ತದೆ ಎಂದು ತಿಳಿಯದ ತೊಂದರೆಯನ್ನು ಯಾರೂ ಸಹಿಸುವುದಿಲ್ಲ.

ಹೊಗೆ ಹಾಕುವುದರ ಬಗ್ಗೆ ಕುರಿಗಾಹಿಗಳಿಗೆ ಹೀಗೆ ಹೇಳಿ: ಹೊಗೆಗೆ ಸಾಯುವುದು ಇನ್ನೂ ಮಾಂಸವನ್ನೇ ಕಾಣದ ಮರಿಗಳು. ಕುರಿ ಹಿಡಿಯುವ ಎರಡೂ ದೊಡ್ಡವು ಹೊರಗೇ ಇರುತ್ತವೆ, ಮರುದಿನವೂ ಹಸಿಯುತ್ತವೆ. ನಷ್ಟ ಅಷ್ಟೇ ಇರುತ್ತದೆ, ಮೇಲೆ ಕೇಸು ಬೇರೆ. ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಗೆ ಇರುವಷ್ಟೇ ರಕ್ಷಣೆ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ.

ಬಿಲದಿಂದ ಅರ್ಧ ಕಿಲೋಮೀಟರ್ ಒಳಗೆ ಹಿಂಡು, ನಾಯಿ, ಜನ ಬೇಡ. ಜನರ ಓಡಾಟ ಹೆಚ್ಚಾದರೆ ತಾಯಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿ ಬೇರೆ ಕಡೆ ಸಾಗಿಸುತ್ತದೆ. ಆ ಸಾಗಾಟದಲ್ಲೇ ಮರಿಗಳು ಊರನಾಯಿಗಳಿಗೆ ಸಿಕ್ಕಿ ಸಾಯುತ್ತವೆ, ಇಲ್ಲವೇ ಜನರ ಕೈಗೆ ಸಿಗುತ್ತವೆ.

ಹಿಂಡಿನವ, ಮುದ್ದೇಬಿಹಾಳ

ರಾತ್ರಿ ಹಟ್ಟಿಗೆ ಬರೂದು ಕಡಿಮಿ ರೀ. ತ್ವಾಳ ಹೊಡಿಯೂದು ಮೇಯೂ ಹೊತ್ತಿನ್ಯಾಗ, ಅದ್ರಾಗೂ ಮುಂಜಾನಿ ಬಿಟ್ಟ ಕೂಡ್ಲೇ ಮತ್ತ ಸಂಜಿ ಹಿಂಡು ತಿರುಗಿಸೂ ಮುಂದ. ಅದು ಎದುರಿಗೆ ಬರೂದಿಲ್ಲ. ಒಂದು ಒಂದ್ಕಡೆ ಕಾಣಿಸ್ಕೊಂತದ, ನಾಯಿ ಮತ್ತ ಕಾಯಾಂವ ಅದರ ಕಡೆ ಓಡ್ತಾರ, ಇನ್ನೊಂದು ಹಿಂದಿಂದ ಮರಿ ಎತ್ತಿಕೊಂಡು ಹೋಗ್ತದ. ಅದಕ್ಕ ಯಾವತ್ತೂ ಎಲ್ಲಾರೂ ಒಂದ ಕಡೆ ಓಡಬ್ಯಾಡ್ರಿ. ನೂರು ಕುರಿಗೆ ಇಬ್ಬರು ಬೇಕs ಬೇಕು, ಒಬ್ಬಾಂವ ಮುಂದ, ಒಬ್ಬಾಂವ ಹಿಂದ. ತ್ವಾಳ ಕಂಡ್ರ ಮುಂದಿನಾಂವ ಕೂಗಬೇಕು, ಹಿಂದಿನಾಂವ ಜಾಗಾ ಬಿಡಬಾರದು.

ಹೋಗೂವು ಯಾವು ಅಂದ್ರ ಹಿಂದ ಬೀಳೂವು. ಕುಂಟೂವು, ಹುಲ್ಲಾಗ ಮಕ್ಕೊಂಡ ಮರಿ, ಅಡವ್ಯಾಗ ಈಯಾಕ ಹತ್ತಿದ ಕುರಿ. ತಿಂಗಳದೊಳಗಿನ ಮರಿ ಹಟ್ಟ್ಯಾಗs ಬಿಡ್ರಿ, ಬುಟ್ಟಿ ಡಬ್ಬ ಹಾಕಿ ಮುಚ್ರಿ, ಬುಟ್ಟಿ ಮ್ಯಾಲೆ ಕಲ್ಲು ಇಡ್ರಿ. ದಿನ ತುಂಬಿದ ಕುರಿನ ಊರ ಹತ್ರದ ಹೊಲದಾಗs ಮೇಯಿಸ್ರಿ. ಬಳ್ಳಾರಿ ಜಾಲಿ ದಟ್ಟ ಇದ್ದ ಹಳ್ಳದ ದಂಡಿಗೆ ಮರಿ ಇರೂ ಹಿಂಡು ಒಯ್ಯಬ್ಯಾಡ್ರಿ, ಅಲ್ಲಿ ಹತ್ತು ಮಾರು ದೂರದ್ದೂ ಕಾಣೂದಿಲ್ಲ. ಇಷ್ಟು ಮಾಡಿದ್ರ ಅರ್ಧಕ್ಕರ್ಧ ಉಳೀತಾವು.

ಕರಡ, ರಾಣೆಬೆನ್ನೂರು

ಅಣ್ಣಾವ್ರು ಹೇಳಿದ್ದು ಹಗಲಿನ ಕಾವಲು. ಆದರೆ ಕಲ್ಲುಗುಡ್ಡ ಇರುವಲ್ಲಿ ಚಿರತೆಯೂ ಇರುತ್ತದೆ, ಅದು ಬರುವುದು ರಾತ್ರಿ. ಆದ್ದರಿಂದ ಹಟ್ಟಿಯ ಅಳತೆ ಬರೆಯುತ್ತೇನೆ.

ದೊಡ್ಡ ಕುರಿಯೊಂದಕ್ಕೆ ಒಂದು ಚದರ ಮೀಟರ್ ಸಾಕು. ನೂರು ಕುರಿಗೆ ಸುಮಾರು ಹನ್ನೊಂದೂಕಾಲು ಮೀಟರ್ ಅಡ್ಡಳತೆಯ ದುಂಡನೆಯ ಹಟ್ಟಿ, ಸುತ್ತಳತೆ ಸುಮಾರು 35.5 ಮೀಟರ್. ಎರಡು ಮೀಟರಿಗೊಂದು ಗೂಟ ಎಂದರೆ 18 ಗೂಟ, ಬಾಗಿಲಿಗೆ ಗಟ್ಟಿಯಾದ ಎರಡು ಬೇರೆ. ಚೌಕ ಮಾಡಬೇಡಿ. ಪ್ರಾಣಿ ಹೊರಗೆ ಸುಳಿದರೆ ಕುರಿಗಳೆಲ್ಲ ಎದುರು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬೀಳುತ್ತವೆ, ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ. ಒಂದೇ ರಾತ್ರಿ ಹಲವು ಕುರಿ ಸತ್ತವು, ಮೈಮೇಲೆ ಗಾಯವೇ ಇಲ್ಲ ಎಂಬ ಸುದ್ದಿಯ ಹಿಂದೆ ಎಷ್ಟೋ ಸಲ ಇದೇ ಕಾರಣ. ದುಂಡಗಿದ್ದರೆ ಮಂದೆ ಸುತ್ತುತ್ತದೆ, ಒಂದೆಡೆ ಒತ್ತಿಕೊಳ್ಳುವುದಿಲ್ಲ.

ಗೂಟಗಳಿಗೆ ಕಟ್ಟುವ ಬಲೆಯ ಎತ್ತರ ಆರು ಅಡಿ. ನಾಲ್ಕಡಿಯ ಬಲೆ ಕುರಿಯನ್ನು ಒಳಗಿಡುತ್ತದೆ, ತೋಳವನ್ನು ಹೊರಗಿಡುವುದಿಲ್ಲ. ಬಲೆಯ ಕೆಳಗಿನ ಎರಡು ಅಡಿಯನ್ನು ಹೊರಮುಖವಾಗಿ ನೆಲದ ಮೇಲೆ ಹಾಸಿ ಕಲ್ಲು ಹೇರಿ. ನೆಲ ಕೆರೆಯುವ ಪ್ರಾಣಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ, ಕಾಲಡಿ ಬಲೆ ಸಿಕ್ಕರೆ ಬಿಟ್ಟುಬಿಡುತ್ತದೆ. ಆದ್ದರಿಂದ ಎಂಟಡಿ ಬಲೆ ತನ್ನಿ, ಆರು ನಿಲ್ಲುತ್ತದೆ, ಎರಡು ಮಲಗುತ್ತದೆ.

ಹೊರಗೆ ಬಳ್ಳಾರಿ ಜಾಲಿಯ ಮುಳ್ಳು. ಕೊಂಬೆಯ ಬುಡ ಒಳಗೆ, ತುದಿ ಹೊರಗೆ. ಉಲ್ಟಾ ಇಟ್ಟರೆ ಹೊರಗಿನಿಂದ ಬುಡ ಹಿಡಿದು ಎಳೆಯುವುದು ಪ್ರಾಣಿಗೆ ಸುಲಭ. ಮುಳ್ಳು ಒಣಗಿದಂತೆ ಕುಸಿಯುತ್ತದೆ, ಆಗಾಗ ಮೇಲೆ ಹೊಸ ಪದರ ಬೇಕು. ಬಲೆಯ ಒಳಮೈಗೆ ಮೂರಡಿ ಎತ್ತರಕ್ಕೆ ಗೋಣಿತಟ್ಟು ಅಥವಾ ತಾಡಪತ್ರಿ ಕಟ್ಟಿ. ಹೊರಗಿನದು ಕುರಿಗೆ ಕಾಣಬಾರದು. ಕಂಡರೆ ಬೆದರುತ್ತವೆ, ಬೆದರಿ ಬೇಲಿ ಮುರಿದು ಹೊರಬಿದ್ದ ಕುರಿಗಳೇ ಹೆಚ್ಚು ಸಾಯುವುದು.

ಬಾಗಿಲನ್ನು ಮುಳ್ಳಿನ ಹೊರೆ ಎಳೆದು ಮುಚ್ಚಿ ಸುಮ್ಮನಾಗಬೇಡಿ. ಒಳಬರುವ ಪ್ರಾಣಿ ಹುಡುಕುವುದು ಅದನ್ನೇ. ತಗಡು ಬಡಿದ ಚೌಕಟ್ಟು, ಒಳಗೊಂದು ಹೊರಗೊಂದು ಕೊಂಡಿ. ಚಿರತೆ ಇರುವುದು ಖಚಿತವಾದರೆ ಮೇಲೆಯೂ ಬಲೆ ಬೇಕು, ಆರಡಿ ಅದಕ್ಕೆ ಲೆಕ್ಕವಲ್ಲ. ಇಡೀ ಹಟ್ಟಿಗೆ ಚಾವಣಿ ಮಾಡಲು ದುಡ್ಡು ಸಾಲದಿದ್ದರೆ ಮರಿಗಳ ಭಾಗಕ್ಕಾದರೂ ಮಾಡಿ.

ಯುವ ರೈತ, ಸಿಂಧನೂರು

ಬೇಲಿಗೆ ಕರೆಂಟ್ ಕೊಟ್ಟರೆ ಇಷ್ಟೆಲ್ಲ ಬೇಡವಲ್ಲ?

ಕರಡ, ರಾಣೆಬೆನ್ನೂರು

ಲೈನಿನಿಂದ ನೇರ ಕರೆಂಟ್ ಕೊಟ್ಟರೆ ಕುರಿ, ನಾಯಿ, ಮನುಷ್ಯ ಯಾರನ್ನೂ ಬಿಡುವುದಿಲ್ಲ, ಅದು ಅಪರಾಧವೂ ಹೌದು. ಸೋಲಾರ್ ಬೇಲಿ ಬೇರೆ. ಅದರ ಯಂತ್ರ ಕ್ಷಣಮಾತ್ರದ ಹೊಡೆತ ಕೊಟ್ಟು ನಿಲ್ಲಿಸುತ್ತದೆ, ಪ್ರಾಣಿ ಹಿಂದೆ ಸರಿಯುತ್ತದೆ. ಆದರೆ ತಂತಿಗೆ ಹುಲ್ಲು ತಾಗಿದರೆ ಹೊಡೆತ ನೆಲಕ್ಕೆ ಇಳಿದುಹೋಗುತ್ತದೆ, ಬುಡ ಸವರುತ್ತಲೇ ಇರಬೇಕು. ಇಂದು ಇಲ್ಲಿ, ನಾಳೆ ಅಲ್ಲಿ ತಂಗುವ ಹಿಂಡಿಗೆ ಅದು ಹೊಂದುವುದಿಲ್ಲ.

ಪಶುವೈದ್ಯೆ, ಹಾವೇರಿ

ನಾಯಿಗಳ ವಿಷಯ ಯಾರೂ ಎತ್ತಿಲ್ಲ. ತೋಳದ ಕಡೆಯಿಂದ ನೋಡಿದರೂ ಕುರಿಯ ಕಡೆಯಿಂದ ನೋಡಿದರೂ ಇದೇ ನನಗೆ ಎಲ್ಲಕ್ಕಿಂತ ಮುಖ್ಯ.

ಹಿಂಡಿನ ನಾಯಿಯನ್ನು ರಾತ್ರಿ ಸರಪಳಿಯಲ್ಲಿ ಕಟ್ಟಬೇಡಿ. ಕಟ್ಟಿದ ನಾಯಿ ಚಿರತೆಗೆ ಆಹಾರ. ಬಿಟ್ಟಿರಲಿ, ಕೊರಳಿಗೆ ಮೊಳೆ ಹೊರಚಾಚಿದ ದಪ್ಪ ಪಟ್ಟಿ ಇರಲಿ. ನೂರು ಕುರಿಗೆ ಎರಡು ಮೂರು ನಾಯಿ ಸಾಕು. ಬೇಟೆಯಾಡುವ ಪ್ರಾಣಿ ಗಾಳಿಗೆದುರಾಗಿ ಬರುತ್ತದೆ, ಅಂದರೆ ಹಟ್ಟಿಯ ವಾಸನೆ ಗಾಳಿ ಯಾವ ಕಡೆಗೆ ಒಯ್ಯುತ್ತದೋ ಆ ಕಡೆಯಿಂದ. ಕಾವಲಿನವರ ಹಾಸಿಗೆ ಆ ಬದಿಗಿರಲಿ, ನಾಯಿ ಅಲ್ಲೇ ಮಲಗುತ್ತದೆ.

ಲಸಿಕೆ: ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು, ಆಮೇಲೆ ವರ್ಷಕ್ಕೊಮ್ಮೆ. ಡಿಸ್ಟೆಂಪರ್ ಮತ್ತು ಪಾರ್ವೊ ಎಂಬ ನಾಯಿರೋಗಗಳಿಗೆ ಒಟ್ಟಿಗೆ ಕೊಡುವ ಲಸಿಕೆ ಆರೆಂಟು ವಾರಕ್ಕೆ ಶುರು, ಮೂರು ನಾಲ್ಕು ವಾರದ ಅಂತರದಲ್ಲಿ ಮತ್ತೆ, ಬಳಿಕ ವೈದ್ಯರು ಹೇಳಿದಂತೆ. ತೋಳ ಮತ್ತು ನಾಯಿ ಹತ್ತಿರದ ಬಳಗ, ನಾಯಿಗೆ ಬರುವ ರೋಗ ತೋಳಕ್ಕೂ ಬರುತ್ತದೆ. 2018ರಲ್ಲಿ ಗುಜರಾತಿನ ಗೀರ್‌ನಲ್ಲಿ ಸಿಂಹಗಳು ಸತ್ತದ್ದಕ್ಕೆ ಡಿಸ್ಟೆಂಪರ್ ವೈರಸ್ ಒಂದು ಕಾರಣವಾಗಿತ್ತು. ಇನ್ನು ಮಿಶ್ರತಳಿಯ ಅಪಾಯ: ತೋಳ ಮತ್ತು ನಾಯಿ ಕೂಡಿ ಮರಿ ಹುಟ್ಟಿದ್ದು ಮಹಾರಾಷ್ಟ್ರದ ಪುಣೆ ಭಾಗದಲ್ಲಿ ದಾಖಲಾಗಿದೆ. ಆದ್ದರಿಂದ ಹಿಂಡಿನ ನಾಯಿಗಳಿಗೆ ಸಂತಾನಹರಣ ಮಾಡಿಸಿ.

ಸತ್ತ ಕುರಿಯನ್ನು ಹಳ್ಳಕ್ಕೆ ಎಸೆಯುವ ರೂಢಿ ನಿಲ್ಲಲೇಬೇಕು. ಬೀದಿನಾಯಿಗಳ ಗುಂಪು ಬೆಳೆಯುವುದು ಅಲ್ಲೇ. ಆರಡಿ ಗುಂಡಿ, ಸುಣ್ಣ, ಮೇಲೆ ಮಣ್ಣು ಮತ್ತು ಮುಳ್ಳು. ಹಿರೇಬೇನೆ ಮತ್ತು ಕರುಳುಬೇನೆಗೆ ಲಸಿಕೆ ಹಾಕಿಸಿದ ಹಿಂಡಿನಲ್ಲಿ ಸತ್ತು ಬೀಳುವ ಕುರಿಯೇ ಕಡಿಮೆ. ರೋಗದಿಂದ ಹೋಗುವ ಕುರಿಗಳನ್ನು ಉಳಿಸಿಕೊಂಡ ಮನೆ, ತೋಳ ಒಯ್ದ ಒಂದು ಮರಿಯ ನಷ್ಟವನ್ನು ತಡೆದುಕೊಳ್ಳುತ್ತದೆ. ಪಶು ಚಿಕಿತ್ಸೆಗೆ 1962ಕ್ಕೆ ಕರೆ ಮಾಡಿ.

ಬಯಲ ನೋಟ, ಬಳ್ಳಾರಿ

ಬಿಲದ ಫೋಟೊ, ವಿಡಿಯೊ ದಾಖಲೆಗೆ ಬೇಕಲ್ಲವೇ? ಇನ್ನೂರು ಮೀಟರ್ ದೂರದಲ್ಲಿ, ಪ್ರಾಣಿ ಹಾದುಹೋದರೆ ತಾನೇ ಚಿತ್ರ ತೆಗೆಯುವ ಒಂದು ಕ್ಯಾಮೆರಾ ಟ್ರ್ಯಾಪ್ ಇಟ್ಟರೆ ಮರಿಗಳ ಸಂಖ್ಯೆ ಸಿಗುತ್ತದೆ.

ಹೆಜ್ಜೆಗುರುತು, ಗದಗ

ಇದನ್ನು ಒಪ್ಪಲಾರೆ. ಮೊದಲನೆಯದು, ಇನ್ನೂರು ಮೀಟರಿನಿಂದ ಅದರ ಸಂವೇದಕಕ್ಕೆ ಏನೂ ಸಿಗುವುದಿಲ್ಲ, ಆಮೇಲೆ ಹತ್ತಿರ ಸರಿಸುವ ಆಸೆ ಹುಟ್ಟುತ್ತದೆ. ಎರಡನೆಯದು, ಇಡಲು ಒಮ್ಮೆ, ಬ್ಯಾಟರಿಗೆ ಒಮ್ಮೆ, ಕಾರ್ಡಿಗೆ ಒಮ್ಮೆ ಹೋಗಬೇಕು. ಮನುಷ್ಯರ ವಾಸನೆಯ ಜಾಡು ನೇರ ಬಿಲಕ್ಕೆ ಬೀಳುತ್ತದೆ, ನಾಯಿಗಳು ಆ ಜಾಡಿನಲ್ಲೇ ಬರುತ್ತವೆ. ಮರಿಗಳ ಎಣಿಕೆ ಬೇಕಿದ್ದರೆ ಅರಣ್ಯ ಇಲಾಖೆ ಮಾಡಲಿ.

ತೋಳ ತಿರುಗುವ ದಾರಿಯಲ್ಲಿ, ಜಮೀನಿನವರ ಒಪ್ಪಿಗೆ ಪಡೆದು, ಬಿಲದಿಂದ ಒಂದು ಕಿಲೋಮೀಟರ್ ಆಚೆ ಇಡಿ. ಅರಣ್ಯ ಭೂಮಿಯಾದರೆ ಅನುಮತಿ ಇಲ್ಲದೆ ಬೇಡ. ಎತ್ತರ 40ರಿಂದ 50 ಸೆಂ.ಮೀ., ಸೊಂಟದೆತ್ತರಕ್ಕೆ ಕಟ್ಟಿದರೆ ಬರೀ ಬೆನ್ನು ಸಿಗುತ್ತದೆ. ದಾರಿಯಿಂದ ಮೂರು ನಾಲ್ಕು ಮೀಟರ್ ದೂರ, ದಾರಿಗೆ ಓರೆಯಾಗಿ. ತೋಳ ಕುಕ್ಕೋಟದಲ್ಲಿ ದಾಟುತ್ತದೆ, ನೇರ ಅಡ್ಡ ಇಟ್ಟರೆ ಬಾಲವಷ್ಟೇ ಉಳಿಯುತ್ತದೆ. ಮುಖ ಉತ್ತರಕ್ಕಿರಲಿ, ಪೂರ್ವ ಪಶ್ಚಿಮವಾದರೆ ಬಿಸಿಲೇ ಗುಂಡಿ ಒತ್ತುತ್ತದೆ. ಒಮ್ಮೆಗೆ ಮೂರು ಚಿತ್ರ, ನಡುವೆ ಬಿಡುವು ಇಲ್ಲದಂತೆ.

ನಮ್ಮ ಸೀಮೆಯ ವಿಶೇಷ ತೊಂದರೆ ಕಾವು. ಈ ಯಂತ್ರ ಹಿನ್ನೆಲೆಯ ಬಿಸಿಗೂ ಪ್ರಾಣಿಯ ಮೈಬಿಸಿಗೂ ಇರುವ ವ್ಯತ್ಯಾಸವನ್ನು ಗುರುತಿಸುತ್ತದೆ. ಮಾರ್ಚ್ ಮಧ್ಯಾಹ್ನ ಬಂಡೆಯೂ ಪ್ರಾಣಿಯಷ್ಟೇ ಕಾದಿರುತ್ತದೆ, ಎದುರೇ ಹಾದುಹೋದರೂ ಚಿತ್ರ ಬರುವುದಿಲ್ಲ. ಅದೇ ಹೊತ್ತಿಗೆ ಕಾದ ಹುಲ್ಲು ಗಾಳಿಗೆ ತೂಗಿ ಸಾವಿರ ಖಾಲಿ ಚಿತ್ರ ತುಂಬುತ್ತದೆ. ಮುಂದಿನ ಐದು ಮೀಟರ್ ಹುಲ್ಲು ಸವರಿ, ಬೇಸಿಗೆಯಲ್ಲಿ ಸಂವೇದನೆಯನ್ನು ಮಧ್ಯಮಕ್ಕೆ ಇಳಿಸಿ.

ಕಣ್ಣಲ್ಲಿ ನೋಡುವುದಾದರೆ 8×42 ದುರ್ಬೀನು, ಎದುರು ಗುಡ್ಡ, ಗಾಳಿ ನಿಮ್ಮ ಮುಖಕ್ಕೆ ಬೀಸುತ್ತಿರಬೇಕು, ಕೂತ ಜಾಗ ಬಿಟ್ಟೇಳಬಾರದು. ಡ್ರೋನ್ ಖಂಡಿತ ಬೇಡ. ಚಿತ್ರ ಹಂಚುವಾಗ ಊರ ಹೆಸರು ಬೇಡ, ಮೊಬೈಲ್ ತಾನೇ ಸೇರಿಸುವ ಸ್ಥಳದ ಗುರುತನ್ನೂ ಅಳಿಸಿ.

ಬಯಲ ನೋಟ, ಬಳ್ಳಾರಿ

ಒಪ್ಪಿದೆ. ದಾರಿಯಲ್ಲೇ ಸರಿ.

ಶಾಲೆ ಮಾಸ್ತರು, ಯಲಬುರ್ಗಾ

ಊರವರ ಭಯ ಕುರಿಯದಷ್ಟೇ ಅಲ್ಲ. ಉತ್ತರ ಪ್ರದೇಶದ ಬಹರಾಯಿಚ್‌ ಎಂಬಲ್ಲಿ ತೋಳಗಳು ಮಕ್ಕಳನ್ನು ಕೊಂದ ಸುದ್ದಿ ಎಲ್ಲರ ಮೊಬೈಲಿಗೂ ಬಂದಿದೆ. ಮಕ್ಕಳ ಬಗ್ಗೆ ಏನು ಹೇಳಲಿ?

ಪಶುವೈದ್ಯೆ, ಹಾವೇರಿ

ಮಾಸ್ತರೇ, 2024ರಲ್ಲಿ ಅಲ್ಲಿ ಮಕ್ಕಳು ಸತ್ತದ್ದು ನಿಜ, ಮುಚ್ಚಿಡಬಾರದು. ಹಾಗೆಂದು ಎಲ್ಲ ತೋಳವೂ ಮನುಷ್ಯರ ಮೇಲೆ ಬೀಳುವುದಿಲ್ಲ. ನಮ್ಮ ಕುರಿಗಾಹಿಗಳು ತಲೆಮಾರುಗಳಿಂದ ಅವುಗಳ ನಡುವೆಯೇ ಬಯಲಲ್ಲಿ ಮಲಗಿದ್ದಾರೆ. ಎಚ್ಚರಿಕೆ ಇಷ್ಟು: ಬಿಲ ಇರುವ ತಿಂಗಳುಗಳಲ್ಲಿ ಚಿಕ್ಕ ಮಕ್ಕಳನ್ನು ಬಾಗಿಲಿಲ್ಲದ ಗುಡಿಸಲಲ್ಲಿ, ಅಂಗಳದ ಅಂಚಿನಲ್ಲಿ ಮಲಗಿಸಬೇಡಿ. ಕತ್ತಲಲ್ಲಿ ಬಯಲಿಗೆ ಒಬ್ಬರೇ ಕಳಿಸಬೇಡಿ. ಮಕ್ಕಳನ್ನೇ ಕುರಿ ಕಾಯಲು ಬಿಡಬೇಡಿ.

ಹಗಲಲ್ಲೇ ಊರೊಳಗೆ ನುಗ್ಗಿ, ಭಯವಿಲ್ಲದೆ, ಸಿಕ್ಕವರನ್ನೆಲ್ಲ ಕಚ್ಚುತ್ತ ಓಡುವ ತೋಳಕ್ಕೆ ಹುಚ್ಚು ಹಿಡಿದಿರುವ ಸಾಧ್ಯತೆ ಹೆಚ್ಚು. ಕಚ್ಚಿದ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ಕೂಡಲೇ ರಕ್ಷಣೆ ಕೊಡುವ ಚುಚ್ಚುಮದ್ದು) ಕೂಡ ಬೇಕು, ಅದನ್ನು ನೀವೇ ಕೇಳಿ.

ಗೋಮಾಳ, ಕುಷ್ಟಗಿ

ಎರಡು ಕುರಿಮರಿಗೆ ಪರಿಹಾರ ಸಿಗುತ್ತದೆಯೇ?

ಕರಡ, ರಾಣೆಬೆನ್ನೂರು

ಕಳೇಬರ ಸಿಕ್ಕಿಲ್ಲವಾದರೆ ಕಷ್ಟ. ಮುಂದಿನ ಸಲಕ್ಕೆ ಇದನ್ನು ಬರೆದಿಟ್ಟುಕೊಳ್ಳಿ. ಕಳೇಬರ ಇದ್ದಲ್ಲೇ ಇರಲಿ, ಮುಳ್ಳು ಮುಚ್ಚಿ ನಾಯಿ ತಡೆಯಿರಿ. ಹೆಜ್ಜೆಯ ಮೇಲೆ ಬುಟ್ಟಿ ಕವುಚಿಡಿ. ಅಳತೆಗೆ ಬೆಂಕಿಪೊಟ್ಟಣ ಇಟ್ಟು ಗಾಯ, ಕಿವಿಯ ಗುರುತು, ಹೆಜ್ಜೆ ಮೂರರ ಫೋಟೊ ತೆಗೆಯಿರಿ. ಅದೇ ದಿನ ವಲಯ ಅರಣ್ಯಾಧಿಕಾರಿ ಕಚೇರಿಗೆ ಇಲ್ಲವೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಅರಣ್ಯ ಸಿಬ್ಬಂದಿಯ ಮಹಜರು, ಪಶುವೈದ್ಯರ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಇವಿಷ್ಟು ಬೇಕು. ಅರ್ಜಿ ಇಲಾಖೆಯ ಇ-ಪರಿಹಾರ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ, ಅರ್ಜಿಯ ಸಂಖ್ಯೆ ಕೇಳಿ ಪಡೆಯಿರಿ. ಸಿಟ್ಟಿಗೆ ಕಳೇಬರಕ್ಕೆ ವಿಷ ಹಾಕಿದರೆ ಪರಿಹಾರವೂ ಹೋಯಿತು, ನಿಮ್ಮದೇ ನಾಯಿ, ಹದ್ದು, ನರಿಗಳೂ ಹೋದವು.

ಇನ್ನೊಂದು ಮಾತು ಹೇಳದೆ ಇರಲಾರೆ. ತೋಳಕ್ಕೆ ಬೇಕಾದದ್ದು ಮರ ಅಲ್ಲ, ಬಯಲು. ನಮ್ಮ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಿಂದ ಇದೆ, 119 ಚದರ ಕಿ.ಮೀ. ಅದರಲ್ಲಿ ನೀಲಗಿರಿ ತೋಪು ಹಬ್ಬಿಸಿದ್ದರಿಂದ ಬಯಲಿನ ಪ್ರಾಣಿಗಳಿಗೆ ಜಾಗ ಕಿರಿದಾಯಿತು. ಮಂಡ್ಯ ಜಿಲ್ಲೆಯ ಮೇಲುಕೋಟೆ ಅಭಯಾರಣ್ಯ ಅದೇ ವರ್ಷ ತೋಳಕ್ಕೆಂದೇ ಆಗಿದ್ದು. ನಿಮ್ಮ ಜಿಲ್ಲೆಯಲ್ಲೇ ಗಂಗಾವತಿ ಬಳಿ ಬಂಕಾಪುರ ತೋಳಧಾಮ ಇದೆ. ಆದರೆ ಹೆಚ್ಚಿನ ತೋಳಗಳು ಇರುವುದು ನಿಮ್ಮೂರಿನಂಥ ಗೋಮಾಳದಲ್ಲೇ. ಅದನ್ನು ಬಂಜರು ಎಂದು ಬರೆದು ಸಸಿ ಗುಂಡಿ ತೋಡಿದರೆ, ಕಲ್ಲು ಗಣಿಗೆ ಕೊಟ್ಟರೆ, ಕುರಿಗೂ ಮೇವಿಲ್ಲ, ತೋಳಕ್ಕೂ ನೆಲೆಯಿಲ್ಲ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮುಂದೆ ಕುರಿಗಾಹಿಗಳೇ ಹೋಗಿ, ಇದು ಹುಲ್ಲುಗಾವಲು, ಇಲ್ಲಿ ಇಂತಿಂಥ ಹುಲ್ಲು, ಇಂತಿಂಥ ಪ್ರಾಣಿ ಎಂದು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಲಿ. ಬಿಲದ ನಿಖರ ಜಾಗ ಮಾತ್ರ ಅದರಲ್ಲಿ ಬೇಡ.

ಹಿಂಡಿನವ, ಮುದ್ದೇಬಿಹಾಳ

ಖರೇ ಅದ. ಹುಲ್ಲು ಉಳದ್ರ ಮೊಲ, ಚಿಗರಿ ಉಳೀತಾವು. ಅವು ಇದ್ದಲ್ಲಿ ತ್ವಾಳ ನಮ್ಮ ಕುರಿ ಹಿಂದ ಬೀಳೂದು ಕಡಿಮಿ.

ಗೋಮಾಳ, ಕುಷ್ಟಗಿ

ಮೂರು ಹಿಂಡಿನವರೂ ಹಳ್ಳದ ಕಡೆ ಬಿಟ್ಟು ಪಡುವಣ ಬದಿಯಲ್ಲಿ ಮೇಯಿಸಲು ಒಪ್ಪಿದ್ದಾರೆ, ಹೊಗೆಯ ಮಾತು ನಿಂತಿದೆ. ಕೊನೆಯ ಪ್ರಶ್ನೆ: ತೋಳದ ಮರಿ ಒಂಟಿಯಾಗಿ ಹೊಲದಲ್ಲಿ ಸಿಕ್ಕರೆ?

ಹೆಜ್ಜೆಗುರುತು, ಗದಗ

ಮುಟ್ಟಬೇಡಿ. ತಾಯಿ ಒಂದನ್ನು ಒಯ್ದು ಇನ್ನೊಂದಕ್ಕೆ ಮರಳಿ ಬರುವ ನಡುವೆ ಮರಿ ಒಂಟಿಯಾಗಿ ಕಾಣುವುದು ಸಹಜ. ನಾಯಿಗಳನ್ನು ದೂರ ಒಯ್ಯಿರಿ, ಜನ ಸೇರಲು ಬಿಡಬೇಡಿ, ದೂರದಿಂದ ಕತ್ತಲಾಗುವವರೆಗೆ ಒಬ್ಬರೇ ಗಮನಿಸಿ. ಗಾಯವಾಗಿದ್ದರೆ, ಅಥವಾ ಮರುದಿನ ಬೆಳಿಗ್ಗೆಯೂ ಅಲ್ಲೇ ಇದ್ದರೆ 1926ಕ್ಕೆ ಹೇಳಿ. ಹಾಲು ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋದರೆ ಮರಿ ಸಾಯಬಹುದು. ಮನೆಗೆ ತಂದರೆ ನಾಯಿಯ ರೋಗ ತಗುಲುತ್ತದೆ, ಮನುಷ್ಯರಿಗೆ ಒಗ್ಗಿದ ಮರಿ ಮತ್ತೆ ಗುಡ್ಡಕ್ಕೆ ಹೋಗಿ ಬದುಕುವುದಿಲ್ಲ. ಸಿಬ್ಬಂದಿ ಬಂದಾಗ ಮರಿ ಸಿಕ್ಕ ಜಾಗವನ್ನೇ ತೋರಿಸಿ, ಆರೋಗ್ಯವಾಗಿದ್ದರೆ ಅದೇ ಸಂಜೆ ಅಲ್ಲೇ ಬಿಡುವಂತೆ ಕೇಳಿ.